ಗುಮ್ಮಟ ಕಂಡವರು ಬಾವಿ ಕಾಣಲಿಲ್ಲ

ಗೋಳಗುಮ್ಮಟದ ಮೂಲೆಯ ಗೋಪುರದೊಳಗಿನ ಕಡಿದಾದ ಮೆಟ್ಟಿಲುಗಳನ್ನು ಹತ್ತಿ ಪಿಸುಮಾತಿನ ಗ್ಯಾಲರಿಗೆ ತಲುಪುವಷ್ಟರಲ್ಲಿ ನನ್ನ ಉಸಿರು ಅರ್ಧ ಖಾಲಿಯಾಗಿತ್ತು. ಮೊಮ್ಮಗನ ಕೈಯಲ್ಲಿದ್ದ ನೀರಿನ ಬಾಟಲಿ ಪೂರ್ತಿ ಖಾಲಿಯಾಗಿತ್ತು. ಹತ್ತು ವರ್ಷದ ಆ ಹುಡುಗ ಅಲ್ಲಿ ಎಲ್ಲ ಮಕ್ಕಳೂ ಮಾಡುವುದನ್ನೇ ಮಾಡಿದ. ಗೋಡೆಗೆ ಮುಖವೊಡ್ಡಿ ತನ್ನ ಹೆಸರನ್ನು ತಾನೇ ಕೂಗಿದ, ಅದು ಮತ್ತೆ ಮತ್ತೆ ಮರಳಿ ಬಂದಾಗ ಕುಣಿದಾಡಿದ. ಆಮೇಲೆ ಹೊರಗಿನ ಚಾವಣಿಗೆ ಬಂದು ನಾಲ್ಕೂ ದಿಕ್ಕಿಗೆ ಕಣ್ಣು ಹಾಯಿಸಿದ. ಕೋಟೆಗೋಡೆಯ ತುಂಡುಗಳು, ಮಸೀದಿಯ ಮಿನಾರುಗಳು, ಗುಡಿಯ ಶಿಖರಗಳು, ಹೊಸ ಬಡಾವಣೆಗಳ ಕಾಂಕ್ರೀಟು, ಅದರಾಚೆ ದಿಗಂತದವರೆಗೆ ಬಯಲು. ಸ್ವಲ್ಪ ಹೊತ್ತು ಸುಮ್ಮನಿದ್ದವನು ಕೇಳಿದ: "ಅಜ್ಜ, ಇಲ್ಲಿ ಹೊಳೆಯೇ ಕಾಣ್ತಾ ಇಲ್ವಲ್ಲ. ಇಷ್ಟು ದೊಡ್ಡ ಊರಿಗೆ ನೀರು ಎಲ್ಲಿಂದ ಬರ್ತಿತ್ತು?"

ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್ ಎಂಬುದು ನನಗೆ ಬಾಯಿಪಾಠ. ಒಳಗೆ ಒಂದೂ ಕಂಬವಿಲ್ಲವೆಂದೂ, ಒಂದನ್ನೊಂದು ಹಾಯುವ ಕಮಾನುಗಳ ಮೇಲೆ ಇಡೀ ಗುಮ್ಮಟ ಕುಳಿತಿದೆಯೆಂದೂ, 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹ್ ಕೆಳಗೆ ಮಲಗಿದ್ದಾನೆಂದೂ ಬೆಂಗಳೂರಿನಿಂದ ಬಂದ ಎಷ್ಟೋ ಅತಿಥಿಗಳಿಗೆ ವಿವರಿಸಿದ್ದೇನೆ. ಆದರೆ ಈ ಊರಿನಲ್ಲಿಯೇ ಹುಟ್ಟಿ, ಇಲ್ಲಿನ ಬರವನ್ನು ಕಣ್ಣಾರೆ ಕಂಡ ನನಗೆ ಹುಡುಗನ ಪ್ರಶ್ನೆ ಎಂದೂ ಹೊಳೆದಿರಲಿಲ್ಲ. ಹೊಳೆಯಿಲ್ಲದ ಬಯಲಿನಲ್ಲಿ ಒಂದು ರಾಜಧಾನಿ ಸುಮಾರು ಇನ್ನೂರು ವರ್ಷ ಬಾಳಿದ್ದು ಹೇಗೆ?

ಈ ವರ್ಷದ ಸಂಕ್ರಾಂತಿಗೆ, ಸಿದ್ಧೇಶ್ವರ ಜಾತ್ರೆಯ ನೆಪದಲ್ಲಿ, ನಾನು ಅವನನ್ನು ಊರಿಗೆ ಕರೆದುಕೊಂಡು ಹೋಗಿದ್ದೆ. 2014ರ ನವೆಂಬರ್ 1ರಿಂದ ಅಧಿಕೃತವಾಗಿ ವಿಜಯಪುರವಾಗಿರುವ ಊರು ನಮ್ಮ ಪೀಳಿಗೆಯವರ ಬಾಯಲ್ಲಿ ಇನ್ನೂ ಬಿಜಾಪುರವೇ. ಸುತ್ತಲಿನ ಹಳ್ಳಿಗಳ ಹಿರಿಯರಿಗಂತೂ ಅದು ಮೊದಲಿನಿಂದಲೂ 'ವಿಜಾಪುರ'. ಹೆಸರು ಯಾವುದಾದರೂ ಇರಲಿ, ಪ್ರವಾಸಿಗಳ ಪಾಲಿಗೆ ಇದು ಒಂದು ದಿನದ ಊರು. ಬೆಳಗ್ಗೆ ಗೋಳಗುಮ್ಮಟ, ಮಧ್ಯಾಹ್ನ ಇಬ್ರಾಹಿಂ ರೋಜಾ, ನಡುವೆ ಬಾರಾ ಕಮಾನು ಮತ್ತು ಮಲಿಕ್-ಎ-ಮೈದಾನ್ ತೋಪು, ಸಂಜೆಗೆ ಬಾದಾಮಿಯ ದಾರಿ. ನಾವೂ ಅದೇ ಪಟ್ಟಿ ಹಿಡಿದು ಹೊರಟವರು. ಮೊಮ್ಮಗನ ಬಾಯಾರಿಕೆ ಆ ಪಟ್ಟಿಯನ್ನು ಹರಿದುಹಾಕಿತು.

ಮರುದಿನ ಬೆಳಗ್ಗೆ ಆಟೋ ಗೊತ್ತುಮಾಡುವಾಗ, ಬೇಗಂ ತಾಲಾಬ್, ತೊರವಿ, ಬಾವಡಿಗಳನ್ನು ನೋಡಬೇಕೆಂದೆ. ಚಾಲಕ ನನ್ನನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು. "ಎಲ್ಲಾರೂ ಗುಮ್ಮಟ, ರೋಜಾ ಅಂತಾರ್ರಿ ಸರ. ಬಾವಡಿ ತೋರಸು ಅಂದಾವ್ರು ನೀವ ಮೊದಲ ನೋಡ್ರಿ" ಎಂದು ನಕ್ಕರು. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಒಂದು ಬಗೆಯ ಸಂತೋಷವೇ ಇತ್ತು. ಆ ದಿನ ಅವರು ಮೀಟರಿಗಿಂತ ಹೆಚ್ಚಿನದನ್ನು ಕೇಳಲೂ ಇಲ್ಲ, ನಾವು ಎಲ್ಲಿ ಎಷ್ಟು ಹೊತ್ತು ನಿಂತರೂ ಗೊಣಗಲೂ ಇಲ್ಲ.

ನಗರದ ದಕ್ಷಿಣಕ್ಕಿರುವ ಬೇಗಂ ತಾಲಾಬ್ 1651ರಲ್ಲಿ ಮುಹಮ್ಮದ್ ಆದಿಲ್‌ಶಾಹ್ ಕಟ್ಟಿಸಿದ ಕೆರೆ. ಜಗತ್ತಿನ ಅತಿ ದೊಡ್ಡ ಗುಮ್ಮಟಗಳಲ್ಲೊಂದನ್ನು ತನ್ನ ಸಮಾಧಿಗೆಂದು ಎತ್ತಿಸಿದ ದೊರೆ ಪ್ರಜೆಗಳ ಬಾಯಾರಿಕೆಗೂ ಖರ್ಚು ಮಾಡಿದ್ದ. ಸುಮಾರು 234 ಎಕರೆ ವಿಸ್ತಾರದ ಈ ಕೆರೆಯ ಮಗ್ಗುಲಿನ ನೆಲಮಾಳಿಗೆಯಿಂದ ಹೊರಟ ನೀರು ಮಣ್ಣಿನ ಕೊಳವೆಗಳಲ್ಲಿ ಊರಿನೊಳಕ್ಕೆ ಹರಿಯುತ್ತಿತ್ತು. ಕೊಳವೆಗಳಿಗೆ ಸುತ್ತಲೂ ಗಾರೆಗಲ್ಲಿನ ಕವಚ. ಕೆಲವೆಡೆ ಅವು 15 ಅಡಿ ಆಳದಲ್ಲಿ, ಕೆಲವೆಡೆ 50 ಅಡಿ ಆಳದಲ್ಲಿ ಹುದುಗಿದ್ದವು. ಇಳಿಜಾರಿನಲ್ಲಿ ಬರುವ ನೀರಿನ ಒತ್ತಡಕ್ಕೆ ಮಣ್ಣಿನ ಕೊಳವೆ ಒಡೆಯದೆ ಉಳಿಯಬೇಕಲ್ಲ? ಅದಕ್ಕಾಗಿ ದಾರಿಯುದ್ದಕ್ಕೂ 25ರಿಂದ 40 ಅಡಿ ಎತ್ತರದ ಚೌಕ ಗೋಪುರಗಳನ್ನು ಎಬ್ಬಿಸಿದರು. ಇವೇ 'ಗಂಜ್'ಗಳು. ಕೊಳವೆಯ ನೀರು ಗೋಪುರದೊಳಗೆ ಮೇಲೇರಿ ತನ್ನ ಬಿರುಸನ್ನು ಕಳೆದುಕೊಳ್ಳುತ್ತಿತ್ತು, ಕೆಸರನ್ನು ತಳದಲ್ಲಿ ಬಿಟ್ಟು ತಿಳಿಯಾಗಿ ಮುಂದಿನ ಕೊಳವೆಗೆ ಸಾಗುತ್ತಿತ್ತು. ಇದಕ್ಕೆ ಯಂತ್ರ ಬೇಕಿರಲಿಲ್ಲ. ನೆಲದ ಇಳಿಜಾರು ಗೊತ್ತಿರುವ ಕಣ್ಣು ಬೇಕಿತ್ತು.

ಈ ಗಂಜ್‌ಗಳನ್ನು ನಾನು ಬಾಲ್ಯದಲ್ಲಿ ದಿನವೂ ನೋಡಿದ್ದೆ. ಗೋಲಿಯಾಡುವಾಗ ನಮಗೆ ನೆರಳು ಕೊಡುತ್ತಿದ್ದ ಆ ಗೋಪುರಗಳನ್ನು ಹಾಳು ಬಿದ್ದ ಕಾವಲು ಬುರುಜುಗಳೆಂದೇ ತಿಳಿದಿದ್ದೆ. ಇಂದಿಗೂ ಕೆಲವು ಮನೆಗಳ ನಡುವೆ ನಿಂತಿವೆ. ಒಂದರ ಮೈಗೆ ಜಾಹೀರಾತಿನ ಹಲಗೆ, ಇನ್ನೊಂದರ ಕಾಲಡಿಯಲ್ಲಿ ಕಸದ ಗುಡ್ಡೆ. ಅದರ ಪಕ್ಕದ ಮನೆಯ ಹಿರಿಯರೊಬ್ಬರನ್ನು ಇದೇನೆಂದು ಕೇಳಿದೆ. "ಬಾದಶಾಹಿ ಕಾಲದ್ದು" ಎಂದಷ್ಟೇ ಹೇಳಿದರು. ನಾನೂ ಅಷ್ಟೇ ಹೇಳುತ್ತಿದ್ದೆನಲ್ಲವೆ?

ಅಲ್ಲಿಂದ ಪಶ್ಚಿಮದ ತೊರವಿಗೆ ಹೋದೆವು. ಕನ್ನಡ ಓದುಗರಿಗೆ ಈ ಹೆಸರು ಹೊಸದಲ್ಲ. 'ತೊರವೆ ರಾಮಾಯಣ' ಬರೆದ ಕುಮಾರ ವಾಲ್ಮೀಕಿಯ ಊರು ಇದೇ, ಅವನ ಇಷ್ಟದೈವ ಇಲ್ಲಿಯ ನರಸಿಂಹ. ಆ ಕವಿಯ ಹೆಸರು ಹೇಳುವ ನಾವು ತೊರವಿಯ ಇನ್ನೊಂದು ಹಿರಿಮೆಯನ್ನು ಮರೆತಿದ್ದೇವೆ. ಆದಿಲ್‌ಶಾಹಿಗಳ ಕಾಲದಲ್ಲಿ ಇಲ್ಲಿನ ಅಂತರ್ಜಲವನ್ನು ನೆಲದೊಳಗಿನ ಸುರಂಗದ ಮೂಲಕ ನಗರಕ್ಕೆ ತಂದರು. ಪರ್ಶಿಯಾದಲ್ಲಿ ಬೆಳೆದು ದಖ್ಖನಿಗೆ ಬಂದ ಈ ವಿದ್ಯೆಗೆ 'ಕರೇಜ್' ಎಂದು ಹೆಸರು. ಬೀದರಿನಲ್ಲಿಯೂ ಇಂಥದ್ದಿದೆ. ಸುರಂಗಕ್ಕೆ ಅತಿ ಸಣ್ಣ ಇಳಿಜಾರು ಕೊಟ್ಟರೆ ನೀರು ತಾನಾಗಿ ನಡೆಯುತ್ತದೆ. ನಡುನಡುವೆ ಕೊರೆದ ಬಾವಿಗಳಿಂದ ಗಾಳಿ ಬೆಳಕು ಇಳಿಯುತ್ತವೆ, ಹೂಳೆತ್ತುವವರೂ ಇಳಿಯುತ್ತಾರೆ. ನೀರು ನೆಲದಡಿಯಲ್ಲಿಯೇ ಸಾಗುವುದರಿಂದ ನಮ್ಮ ಕಡೆಯ ಬೇಸಿಗೆಯ ಬಿಸಿಲಿಗೆ ಆವಿಯಾಗಿ ಹೋಗುವ ಭಯವೂ ಇಲ್ಲ. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 2020ರ ತನ್ನ ಕಾಳಜಿಯ ಪಟ್ಟಿಗೆ ಇಲ್ಲಿನ ಸುರಂಗ ಬಾವಡಿಯನ್ನು ಸೇರಿಸಿಕೊಂಡಿತು. ದೂರದ ನ್ಯೂಯಾರ್ಕಿನಲ್ಲಿ ಕುಳಿತವರಿಗೆ ಕಂಡದ್ದು ಈ ಊರಿನ ಮಗನಿಗೆ ಕಾಣಲು ಮೊಮ್ಮಗ ಬರಬೇಕಾಯಿತು.

ಊರೊಳಕ್ಕೆ ಮರಳಿ, ಮಕ್ಕಾ ದರವಾಜೆಯ ಸಮೀಪದ ತಾಜ್ ಬಾವಡಿಯ ಮುಂದೆ ಇಳಿದೆವು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರಲ್ಲಿ ಕಟ್ಟಿದ್ದು. ಸುಮಾರು 35 ಅಡಿ ಅಗಲದ ಒಂದು ಕಮಾನು, ಎರಡು ಬದಿಗೆ ಎಂಟು ಮೂಲೆಯ ಗೋಪುರಗಳು, ಒಳಗೆ ಕಾಲಿಟ್ಟರೆ ಪ್ರತಿ ಬದಿಯೂ 220 ಅಡಿ ಮೀರುವ ಚೌಕ ಜಲಾಶಯ. ಇದನ್ನು ಬಾವಿ ಎನ್ನಲು ಬಾಯಿ ಬರುವುದಿಲ್ಲ. ಪೂರ್ವ, ಪಶ್ಚಿಮದ ಬದಿಗಳಲ್ಲಿ ದಾರಿಹೋಕರು ತಂಗುವ ಕೋಣೆಗಳಿದ್ದವು. ದೂರದಿಂದ ದಣಿದು ಬಂದವನಿಗೆ ನಗರವು ಮೊದಲು ನೀರನ್ನು, ಆಮೇಲೆ ನೆರಳನ್ನು ಕೊಡುತ್ತಿತ್ತು. ಇದಕ್ಕೂ ಮೊದಲು, 1579ರಲ್ಲಿ, ಒಂದನೆಯ ಅಲಿ ಆದಿಲ್‌ಶಾಹ್ ತನ್ನ ರಾಣಿ ಚಾಂದ್ ಬೀಬಿಯ ಹೆಸರಿನಲ್ಲಿ ಚಾಂದ್ ಬಾವಡಿಯನ್ನು ಕಟ್ಟಿಸಿದ್ದ. 1565ರ ಯುದ್ಧದ ನಂತರ ಹಿಗ್ಗತೊಡಗಿದ್ದ ನಗರಕ್ಕೆ ಅದು ಅನಿವಾರ್ಯವಾಗಿತ್ತು.

ಹೊಸದಿಲ್ಲಿಯಲ್ಲಾಗಲಿ ಆಗ್ರಾದಲ್ಲಾಗಲಿ ಯಮುನೆಯಿದೆ. ಬಿಜಾಪುರಕ್ಕೆ ಹತ್ತಿರದ ಹೊಳೆಯೆಂದರೆ ಡೋಣಿ, ಅದರ ನೀರು ಸವುಳು. ಕೃಷ್ಣೆ, ಭೀಮೆಯರು ದೂರ. ಹೀಗಾಗಿ ಇಲ್ಲಿ ಎಲ್ಲಿ ನೋಡಿದರೂ ನೀರನ್ನು ಹಿಡಿದಿಡುವ ತವಕವೇ ಕಾಣುತ್ತದೆ. ಗೋಳಗುಮ್ಮಟದ ಅಂಗಳದಲ್ಲೊಂದು ಹೊಂಡ. ಅಸಾರ್ ಮಹಲಿನ ಎದುರು ದೊಡ್ಡ ಕೊಳ. ಇಬ್ರಾಹಿಂ ರೋಜಾದಲ್ಲಿ ಸಮಾಧಿಗೂ ಮಸೀದಿಗೂ ನಡುವೆ ಕಾರಂಜಿಯ ಕೊಳ. ಕಲ್ಲಿನಲ್ಲಿ ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆದ ಆ ಕಟ್ಟಡದ ಸೊಬಗನ್ನು ಹೊಗಳುವವರು, ಅದರ ಪ್ರತಿಬಿಂಬಕ್ಕೆಂದು ನೀರನ್ನೂ ಅಲ್ಲಿಗೆ ಕರೆತಂದಿದ್ದರೆಂಬುದನ್ನು ಗಮನಿಸುವುದು ಕಡಿಮೆ.

ಮಧ್ಯಾಹ್ನ ತಮ್ಮನ ಮನೆಗೆ ಊಟಕ್ಕೆ ಬಂದಾಗ ನನಗೆ ಇನ್ನೊಂದು ಸಂಗತಿ ಹೊಳೆಯಿತು. ತಟ್ಟೆಯಲ್ಲಿ ಬಿಸಿ ಜೋಳದ ರೊಟ್ಟಿ, ಎಣಗಾಯಿ ಬದನೆ, ಮಡಕಿಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ. ಇದು ಬಡವರ ಊಟವೆಂದು ಒಂದು ಕಾಲದಲ್ಲಿ ನಾಚಿಕೆಪಡುತ್ತಿದ್ದವರು ನಾವು. ಈಗ ಬೆಂಗಳೂರಿನಲ್ಲಿ ಇದನ್ನೇ 'ಉತ್ತರ ಕರ್ನಾಟಕ ಊಟ' ಎಂದು ಹಣ ತೆತ್ತು ಉಣ್ಣುತ್ತೇವೆ. ಆದರೆ ರುಚಿಯ ಹಿಂದೆ ಒಂದು ಲೆಕ್ಕಾಚಾರವಿದೆ. ಹಿಂಗಾರಿ ಬಿಳಿಜೋಳವನ್ನು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದರೆ ಆಮೇಲೆ ಮಳೆಯ ಹಂಗು ಅಷ್ಟಾಗಿ ಇರುವುದಿಲ್ಲ. ಎರೆಮಣ್ಣು ತನ್ನೊಳಗೆ ಹಿಡಿದಿಟ್ಟ ತೇವ, ಚಳಿಗಾಲದ ಇಬ್ಬನಿ, ಇಷ್ಟರಲ್ಲೇ ಅದು ತೆನೆಗಟ್ಟುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆಗೆ ಇದಕ್ಕಿಂತ ಒಪ್ಪುವ ಧಾನ್ಯ ಯಾವುದು? ಬಡಿದು ಒಣಗಿಸಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಹಿಂಡಿಗಳಿಗಂತೂ ತೊಟ್ಟು ನೀರೂ ಬೇಡ. ಊರಿನ ಕೆಳಗೆ ಸುರಂಗ ತೋಡಿದವನೂ ಮನೆಯೊಳಗೆ ಹಿಂಡಿ ಕುಟ್ಟಿದವಳೂ ಒಂದೇ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದರು: ಇರುವ ಸ್ವಲ್ಪ ನೀರಿನಲ್ಲಿ ಬದುಕುವುದು ಹೇಗೆ?

ಸಂಕ್ರಾಂತಿಯ ಹೊತ್ತು ಹೊಲದಲ್ಲಿ ಜೋಳದ ತೆನೆ ಹಾಲುಗಾಳಾಗಿರುತ್ತದೆ. ಸಂಜೆ ಗೆಳೆಯನ ಹೊಲಕ್ಕೆ ಹೋಗಿ ಸೀತನಿ ತಿಂದೆವು. ಕುಳ್ಳಿನ ಕೆಂಡದಲ್ಲಿ ಸುಟ್ಟ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ತೌಡು ಊದಿ, ಹಸಿರು ಕಾಳಿಗೆ ಶೇಂಗಾ ಹಿಂಡಿ, ಬೆಲ್ಲ ಬೆರೆಸಿ ಕೊಟ್ಟರು. ಮೊಮ್ಮಗ ಮೊದಲು ಮೂಸಿ ನೋಡಿದ, ಆಮೇಲೆ ಮೂರು ಸಲ ಕೇಳಿ ಹಾಕಿಸಿಕೊಂಡ. ಡೋಣಿ ಹರಿದ ವರ್ಷ ಓಣಿಯೆಲ್ಲ ಜೋಳ ಎಂಬ ಅರ್ಥದ ಮಾತೊಂದು ನಮ್ಮ ಕಡೆ ಇದೆ. ಗೆಳೆಯ ಅದನ್ನು ನೆನಪಿಸಿ, "ಈಗ ಓಣ್ಯಾಗ ಜೋಳಾ ಕಡಿಮಿ ಆಗ್ಯಾವ, ಎಲ್ಲಾರಿಗೂ ಕಬ್ಬು, ದ್ರಾಕ್ಷಿ ಬೇಕಾಗ್ಯಾವ" ಎಂದ. ರೈತನನ್ನು ದೂರುವುದು ಸುಲಭ. ಜೋಳ ಬೆಳೆದು ಮಕ್ಕಳನ್ನು ಕಾಲೇಜಿಗೆ ಕಳಿಸಲಾಗದವನು ದ್ರಾಕ್ಷಿ ಬೆಳೆದರೆ ತಪ್ಪೇನು? ಆದರೆ ಸಾವಿರ ಅಡಿಯ ಆಸುಪಾಸಿಗೂ ಇಳಿಯುವ ಕೊಳವೆಬಾವಿಗಳು ತೊರವಿಯ ಹಳೆಯ ಸುರಂಗಕ್ಕೆ ಏನನ್ನೂ ಉಳಿಸಲಾರವು ಎಂಬುದೂ ನಿಜ.

ಊಟದ ಕೊನೆಗೆ ಕೊಲ್ಹಾರದ ಗಡಿಗೆ ಮೊಸರು ಬಂತು. ಚಮಚ ನೆಟ್ಟರೆ ನಿಲ್ಲುವ ಕೆನೆಮೊಸರು. ಕೃಷ್ಣೆಯ ಸೇತುವೆ ದಾಟುವ ಬಸ್ಸುಗಳ ಕಿಟಕಿಗೆ ಮಣ್ಣಿನ ಗಡಿಗೆ ಎತ್ತಿ ಹಿಡಿದು ಮಾರುವವರನ್ನು ಬಾಗಲಕೋಟೆಯ ದಾರಿಯಲ್ಲಿ ಹೋದವರೆಲ್ಲ ಕಂಡಿರುತ್ತಾರೆ. ಇವತ್ತು ನಗರ ಕುಡಿಯುವ ನೀರು ಬಹುಮಟ್ಟಿಗೆ ಅದೇ ಕೊಲ್ಹಾರದ ಬಳಿ ಕೃಷ್ಣೆಯಿಂದ ಎತ್ತಿ ತಂದದ್ದು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಕೊಲ್ಹಾರ ಮುಳುಗಿ, ಊರು ಎತ್ತರಕ್ಕೆ ಸರಿದು ಹೊಸದಾಗಿ ಕಟ್ಟಿಕೊಂಡಿತು. ನಮ್ಮ ನಲ್ಲಿಯಲ್ಲಿ ಬರುವ ನೀರಿಗಾಗಿ ಇನ್ನಾರದೋ ಹಿತ್ತಲು, ತುಳಸಿಕಟ್ಟೆ, ದರ್ಗಾ, ಗುಡಿಗಳು ನೀರಿನ ಕೆಳಗಿವೆ. ಆ ಋಣವನ್ನು ನಾವು ಬಿಲ್ ಕಟ್ಟಿ ತೀರಿಸಿದ್ದೇವೆಂದು ತಿಳಿದಿದ್ದೇವೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಪಾಲಿನದನ್ನೂ ಹೇಳಬೇಕು.

ಕೋಟೆಗೋಡೆಯ ಒಳಗಿನ ಓಣಿಯಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ ಒಂದು ಬಾವಿಯಿತ್ತು. ಕರಿಗಲ್ಲಿನ ಕಟ್ಟೆ, ಹಗ್ಗ ಉಜ್ಜಿ ಉಜ್ಜಿ ಬೆರಳು ಹೋಗುವಷ್ಟು ಸವೆದ ಗೀರುಗಳು. ಯಾರು ಯಾವಾಗ ತೋಡಿದ್ದೆಂದು ಅಪ್ಪನಿಗೂ ತಿಳಿದಿರಲಿಲ್ಲ. 1972ರ ಬರದಲ್ಲಿ ನನಗೆ ಹತ್ತು ವರ್ಷ, ಈಗಿನ ಮೊಮ್ಮಗನ ವಯಸ್ಸು. ನ್ಯಾಯಬೆಲೆ ಅಂಗಡಿಯ ಕೆಂಪು ಜೋಳ, ಗಂಜಿ ಕೇಂದ್ರದ ಸಾಲು, ಬರಗಾಲದ ಕಾಮಗಾರಿಯಲ್ಲಿ ಜಲ್ಲಿ ಒಡೆದು ಒಡೆದು ಬೊಬ್ಬೆಯೆದ್ದ ಅಂಗೈಗಳು, ಇವೆಲ್ಲ ಕಣ್ಣಿಗೆ ಕಟ್ಟಿದಂತಿವೆ. ಓಣಿಯ ಬಾವಿಗಳು ಒಂದೊಂದಾಗಿ ಬತ್ತಿದವು. ನಮ್ಮದು ತಳ ಕಂಡಿತೇ ಹೊರತು ಬತ್ತಲಿಲ್ಲ. ರಾತ್ರಿಯಿಡೀ ಒಸರಿ ಬೆಳಗಿಗೆ ಮೊಳಕಾಲುದ್ದ ನೀರು ನಿಲ್ಲುತ್ತಿತ್ತು. ಮನೆಗೆರಡು ಕೊಡ ಎಂದು ಅವ್ವ ನಿಯಮ ಮಾಡಿದಳು, ನಮ್ಮ ಮನೆಗೂ ಎರಡೇ. ಹಿಂದಿನ ಓಣಿಯ ಮುಸ್ಲಿಂ ಕುಟುಂಬದವರು ಗೋಡೆಯಾಚೆಯಿಂದ ಕೊಡ ಇಳಿಬಿಡುತ್ತಿದ್ದರು. ಅವರ ಮನೆಯ ಅಜ್ಜಿ ಮತ್ತು ಅವ್ವ ದಖ್ಖನಿ ಬೆರೆತ ಕನ್ನಡದಲ್ಲಿ, ಕನ್ನಡ ಬೆರೆತ ದಖ್ಖನಿಯಲ್ಲಿ ಕಷ್ಟಸುಖ ಹಂಚಿಕೊಳ್ಳುತ್ತಿದ್ದರು.

ಹಾಗೆಂದು ಅದೊಂದು ಸ್ವರ್ಗವಾಗಿತ್ತೆಂದು ಬರೆದರೆ ಸುಳ್ಳಾಗುತ್ತದೆ. ಹಗ್ಗ ಮುಟ್ಟುವ ಹಕ್ಕು ಎಲ್ಲರಿಗೂ ಇರಲಿಲ್ಲ. ಊರಂಚಿನ ಕೇರಿಯಿಂದ ಬಂದ ಹೆಂಗಸರು ಕಟ್ಟೆಯಿಂದ ದೂರ ನಿಲ್ಲುತ್ತಿದ್ದರು. ಅವ್ವ ಸೇದಿ, ಎತ್ತರದಿಂದ ಅವರ ಕೊಡಕ್ಕೆ ಸುರಿಯುತ್ತಿದ್ದಳು. ಕೊಟ್ಟದ್ದು ಅವಳ ದೊಡ್ಡತನವೆಂದು ಆಗ ತಿಳಿದಿದ್ದೆ. ಸುರಿದ ಎತ್ತರ ಎಷ್ಟಿತ್ತೆಂಬುದು ಈಗ ಅರಿವಾಗುತ್ತದೆ. ಬೀದಿಯ ನಲ್ಲಿ ಬಂದಾಗ ಮೊದಲು ನಿಟ್ಟುಸಿರು ಬಿಟ್ಟವರು ಆ ಹೆಂಗಸರೇ ಇರಬೇಕು. ಪರಂಪರೆಯನ್ನು ಉಳಿಸುವ ಮಾತಾಡುವವರು ಇದನ್ನು ಮರೆಯಬಾರದು.

1996ರಲ್ಲಿ ಮನೆಯ ದುರಸ್ತಿ ಮಾಡಿಸುವಾಗ ಬಾವಿಯನ್ನು ಮುಚ್ಚಿಸಿದವನು ನಾನೇ. ಮನೆಯೊಳಗೆ ನಲ್ಲಿಯಿತ್ತು, ಸ್ಕೂಟರು ನಿಲ್ಲಿಸಲು ಜಾಗ ಬೇಕಿತ್ತು, ಸೊಳ್ಳೆಯ ಕಾಟ ಬೇರೆ. ಬೆಂಗಳೂರಿನಿಂದ ರಜೆ ಹಾಕಿ ಬಂದು, ಮುಂದೆ ನಿಂತು, ಒಡೆದ ಗೋಡೆಯ ಕಲ್ಲುಮಣ್ಣನ್ನೆಲ್ಲ ಅದರೊಳಕ್ಕೆ ಹಾಕಿಸಿದೆ. ಅವ್ವ ಬೇಡವೆನ್ನಲಿಲ್ಲ. ಆ ದಿನ ಬೆಳಗ್ಗೆ ಎಂದಿನಂತೆ ಕಟ್ಟೆಗೆ ಅರಿಸಿನ ಕುಂಕುಮ ಹಚ್ಚಿ, ಪುಟ್ಟ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದಳು. ಸಂಜೆಯವರೆಗೆ ಹಿತ್ತಲಿಗೆ ಬರಲಿಲ್ಲ. ಮೊದಲ ಬುಟ್ಟಿ ಮಣ್ಣು ಬಿದ್ದಾಗ ನೀರಿನ ಸದ್ದು ಕೇಳಿಸಿತು, ಆಮೇಲೆ ಅದೂ ನಿಂತಿತು. 2003ರಲ್ಲಿ ಅವಳು ತೀರಿಕೊಳ್ಳುವವರೆಗೂ ನಮ್ಮಿಬ್ಬರ ನಡುವೆ ಆ ಬಾವಿಯ ಮಾತು ಬರಲಿಲ್ಲ. ಈಗ ಆ ಜಾಗದಿಂದ ಹತ್ತು ಮಾರು ದೂರದಲ್ಲಿ ತಮ್ಮ ಕೊರೆಸಿದ ಕೊಳವೆಬಾವಿ ಬೇಸಿಗೆಯಲ್ಲಿ ಬರೀ ಗಾಳಿ ಕಕ್ಕುತ್ತದೆ. ನಲ್ಲಿ ಬಾರದ ದಿನ ಮನೆಯವರು ಟ್ಯಾಂಕರಿಗೆ ಫೋನು ಮಾಡುತ್ತಾರೆ.

ತಾಜ್ ಬಾವಡಿಯಲ್ಲಿ ಕಸ ಎಸೆದವರನ್ನು ನಾನು ಬೈಯಲಾರೆ. ನಾನು ಇಡೀ ಬಾವಿಯನ್ನೇ ಎಸೆದವನು.

ಇದೇ ಊರಿನಲ್ಲಿ ಎಸೆದದ್ದನ್ನು ಎತ್ತಿಕೊಂಡ ಮಹನೀಯರೂ ಇದ್ದರು. ವಕೀಲರಾಗಿ ಬಿಜಾಪುರದಲ್ಲಿ ನೆಲೆಸಿದ ಫ.ಗು. ಹಳಕಟ್ಟಿಯವರು ಮನೆಮನೆಯ ಜಗಲಿ, ಅಟ್ಟಗಳಲ್ಲಿ ಹುಳು ಹಿಡಿಯುತ್ತಿದ್ದ ತಾಡೋಲೆಗಳನ್ನು ಬೇಡಿ ತಂದು ವಚನಗಳನ್ನು ಬೆಳಕಿಗೆ ತಂದರು. 1923ರಲ್ಲಿ 'ವಚನಶಾಸ್ತ್ರಸಾರ' ಬಂತು, 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರುವಾಯಿತು. ತಮ್ಮದೇ ಹಿತಚಿಂತಕ ಮುದ್ರಣಾಲಯ ನಡೆಸುತ್ತ, ಬಡತನ ಹಾಸಿ ಹೊದ್ದು ಅವರು ಮಾಡಿದ ಕೆಲಸದಿಂದಲೇ ಇಂದು ನಾವು ವಚನಗಳನ್ನು ಉಲ್ಲೇಖಿಸುತ್ತ ಭಾಷಣ ಮಾಡುತ್ತಿದ್ದೇವೆ. ಅದಕ್ಕೂ ಮುನ್ನ ಇದೇ ಊರಿನಲ್ಲಿ ಎರಡನೆಯ ಇಬ್ರಾಹಿಂ ಸರಸ್ವತಿಯನ್ನೂ ಗಣಪತಿಯನ್ನೂ ನೆನೆಯುವ ಹಾಡುಗಳಿರುವ 'ಕಿತಾಬ್-ಎ-ನವರಸ್' ಅನ್ನು ದಖ್ಖನಿಯಲ್ಲಿ ರಚಿಸಿದ್ದ. ಜನ ಅವನನ್ನು ಜಗದ್ಗುರು ಬಾದಶಾಹನೆಂದು ಕರೆದರು. ಬೇರೆ ಬೇರೆ ಸೆಲೆಗಳು ಒಂದೇ ಬಾವಿಗೆ ಒಸರುವಂತೆ ಈ ಊರಿಗೆ ಭಾಷೆಗಳೂ ನಂಬಿಕೆಗಳೂ ಒಸರಿವೆ. ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿ ಬತ್ತಾಸು, ಬಳೆ, ಆಟಿಕೆ ಮಾರುವವರಲ್ಲಿ ಯಾರ ಧರ್ಮ ಯಾವುದೆಂದು ಕೇಳುವ ವ್ಯವಧಾನ ಕೊಳ್ಳುವ ಮಕ್ಕಳಿಗೆ ಇರುವುದಿಲ್ಲ.

ಏನೂ ನಡೆದಿಲ್ಲವೆಂದು ದೂರುವುದೂ ಸರಿಯಲ್ಲ. ಕಳೆದ ದಶಕದಲ್ಲಿ ತಾಜ್ ಬಾವಡಿ ಸೇರಿದಂತೆ ಹಲವು ಬಾವಡಿಗಳ ಹೂಳೆತ್ತಲಾಯಿತು. ದಖ್ಖನಿ ಸುಲ್ತಾನರ ಸ್ಮಾರಕಗಳು ಮತ್ತು ಕೋಟೆಗಳ ಸಾಲಿನಲ್ಲಿ ಬಿಜಾಪುರ 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ಆದರೆ ಒಮ್ಮೆ ಹೂಳೆತ್ತಿ ಫೋಟೋ ತೆಗೆಸಿಕೊಂಡರೆ ಬಾವಿ ಉಳಿಯುವುದಿಲ್ಲ. ಅದಕ್ಕೆ ನೀರು ಬರುವ ದಾರಿಗಳು ಉಳಿಯಬೇಕು, ಚರಂಡಿ ಬರುವ ದಾರಿಗಳು ಮುಚ್ಚಬೇಕು, ದಿನವೂ ಅದರ ಬಳಿ ಸುಳಿಯುವ ಜನ ಬೇಕು. ಓಣಿಗಳಲ್ಲಿ ನಿಂತಿರುವ ಪ್ರತಿಯೊಂದು ಗಂಜ್‌ಗೂ ಕನ್ನಡದಲ್ಲಿ ಒಂದು ಫಲಕ ಹಾಕಲು ಎಷ್ಟು ಖರ್ಚಾದೀತು? ಶಾಲೆಯ ಮಕ್ಕಳನ್ನು ಗುಮ್ಮಟಕ್ಕೆ ಕರೆತರುವ ಬಸ್ಸು ಅರ್ಧ ದಿನ ಹೆಚ್ಚು ನಿಂತು ಅವರಿಗೆ ತೊರವಿಯನ್ನೂ ಬೇಗಂ ತಾಲಾಬನ್ನೂ ತೋರಿಸಬಾರದೇ? ಪ್ರವಾಸಿ ಒಂದು ರಾತ್ರಿ ತಂಗಿದರೆ ಇಲ್ಲಿನ ಖಾನಾವಳಿಗಳ ರೊಟ್ಟಿ ಬಡಿಯುವ ಕೈಗಳಿಗೂ ನಾಲ್ಕು ಕಾಸು ಹೆಚ್ಚು ಸಿಗುತ್ತದೆ. ಸುರಂಗದ ನೆತ್ತಿಯ ಮೇಲೆ ಕೊಳವೆಬಾವಿ ಕೊರೆಯದಂತೆ ತಡೆಯುವುದು ಇವೆಲ್ಲಕ್ಕಿಂತ ಕಠಿಣ, ಆದರೆ ಅದಿಲ್ಲದೆ ಉಳಿದುದೆಲ್ಲ ಅಲಂಕಾರ.

ಬೆಂಗಳೂರಿಗೆ ಹೊರಡುವ ಮುನ್ನಾದಿನ ಹಿತ್ತಲಲ್ಲಿ ನಿಂತು ಮೊಮ್ಮಗನಿಗೆ ಬಾವಿಯಿದ್ದ ಜಾಗ ತೋರಿಸಿದೆ. ಈಗ ಅಲ್ಲಿ ಸಿಮೆಂಟಿನ ನೆಲ, ಮೇಲೆ ತಮ್ಮನ ಕಾರು. "ಒಳಗೆ ಇನ್ನೂ ನೀರಿರುತ್ತಾ?" ಎಂದು ಕೇಳಿದ. ಇರಬಹುದು ಎಂದೆ. ಅವನು ಮಂಡಿಯೂರಿ ನೆಲಕ್ಕೆ ಕಿವಿಯಿಟ್ಟ. ಗುಮ್ಮಟದಲ್ಲಿ ಗೋಡೆಗೆ ಮುಖವೊಡ್ಡಿ ಕೂಗಿದವನು ಇಲ್ಲಿ ಏನನ್ನೂ ಕೂಗಲಿಲ್ಲ.

ಆ ರಾತ್ರಿ ನಾನೂ ತಮ್ಮನೂ ಬಹಳ ಹೊತ್ತು ಮಾತಾಡಿದೆವು. ಹಳೆಯ ಗೌಂಡಿಯೊಬ್ಬರನ್ನು ಕರೆದು ಕೇಳಿದ್ದಾಯಿತು. ಕಲ್ಲುಮಣ್ಣು ತೆಗೆಸಬಹುದು, ಒಳಗೋಡೆ ಗಟ್ಟಿಯಿದ್ದರೆ ಬದುಕುತ್ತದೆ, ಚಾವಣಿಯ ಮಳೆನೀರನ್ನೂ ಸೋಸಿ ಅದಕ್ಕೇ ಬಿಡಬಹುದು ಎಂದರು. ಖರ್ಚು ನಾವು ಎಣಿಸಿದ್ದಕ್ಕಿಂತ ಹೆಚ್ಚು. ಕಾರು ಇನ್ನು ಬೀದಿಯಲ್ಲಿ ನಿಲ್ಲಬೇಕು. ತಮ್ಮನ ಹೆಂಡತಿ ಮಾತ್ರ, "ಮುಚ್ಚೂ ಮುಂದ ಅವ್ವನ್ನ ಕೇಳಲಿಲ್ಲ, ತಗಿಯೂ ಮುಂದರೆ ಖರ್ಚಿನ ಲೆಕ್ಕಾ ಹಾಕಬ್ಯಾಡ್ರಿ" ಎಂದಳು. ಯುಗಾದಿಯ ನಂತರ, ಮಳೆಗಾಲಕ್ಕೆ ಮುಂಚೆ, ಕೆಲಸ ಶುರು ಮಾಡುವುದೆಂದು ತೀರ್ಮಾನವಾಯಿತು. ಸೆಲೆ ಇನ್ನೂ ಜೀವಂತವಿದೆಯೋ ಇಲ್ಲವೋ ಯಾರೂ ಹೇಳಲಾರರು. ನೀರು ಬಂದರೆ, ಕಟ್ಟೆಯ ಬಳಿ ಯಾರೂ ದೂರ ನಿಲ್ಲಬೇಕಾಗಿಲ್ಲ. ಹಗ್ಗ ಎಲ್ಲರ ಕೈಗೂ ಸಿಗುವಂತೆ ಇಡುತ್ತೇವೆ.